ಹಳೆಯ ಜೀಪು ಕೊಳ್ಳುವ ಮುನ್ನ

ಚಾಲಿ ಅಡಿಕೆಯ ಮೂಟೆ ಮಾರುಕಟ್ಟೆಗೆ ಹೋದಾಗ ವ್ಯಾಪಾರಿ ಮೊದಲು ಮಾಡುವ ಕೆಲಸವೇನು? ಮೂಟೆಯ ಬಾಯಿಯಲ್ಲಿ ಕಾಣುವ ಅಡಿಕೆಯನ್ನು ನೋಡಿ ಆತ ಧಾರಣೆ ಹೇಳುವುದಿಲ್ಲ. ಕೈಯನ್ನು ಒಳಕ್ಕೆ ಇಳಿಸಿ ನಾಲ್ಕಾರು ಅಡಿಕೆ ತೆಗೆದು, ಕತ್ತರಿಸಿ, ಒಳಗಿನ ಬಣ್ಣ ನೋಡುತ್ತಾನೆ. ಕಾಫಿಯಾದರೆ ತೇವಾಂಶ ಅಳೆದು, ಔಟ್‌ಟರ್ನ್ ತೆಗೆದು, ಆಮೇಲೆ ಮಾತಿಗೆ ಕೂರುತ್ತಾನೆ. ಪ್ರತಿ ವರ್ಷವೂ ನಮ್ಮ ಬೆಳೆಯನ್ನು ಇಂತಹ ಪರೀಕ್ಷೆಗೆ ಒಡ್ಡುವ ನಾವು, ಅದೇ ಬೆಳೆಯ ಹಣದಲ್ಲಿ ಹಳೆಯ ಜೀಪನ್ನೋ ಪಿಕಪ್ಪನ್ನೋ ಕೊಳ್ಳಲು ಹೊರಟಾಗ ಮಾತ್ರ ಹೊಸ ಬಣ್ಣ, ಹೊಸ ಸೀಟಿನ ಕವರು ನೋಡಿ ಮುಂಗಡ ಕೊಟ್ಟುಬಿಡುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಮಲೆನಾಡಿನ ತೋಟಗಳಿಗೂ ಜೀಪಿಗೂ ಇರುವ ನಂಟು ಹಳೆಯದು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪೆನಿಯವರು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದಂದಿನಿಂದ, ಕೆಸರಿನ ದಾರಿಗೂ ಏರು ತೋಟಕ್ಕೂ ಅದೇ ಗಾಡಿ ಎಂಬಂತಾಯಿತು. ಇಂದಿಗೂ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಹೊಸ ಗಾಡಿಗಿಂತ ಕೈ ಬದಲಾದ ಗಾಡಿಯನ್ನೇ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ನೋಡಿ ಕೊಂಡ ಹಳೆಯ ಗಾಡಿ ಹತ್ತು ವರ್ಷ ದುಡಿದು ಕೊಡುತ್ತದೆ. ನೋಡದೆ ಕೊಂಡದ್ದು ಒಂದೇ ಮಳೆಗಾಲದಲ್ಲಿ ಗ್ಯಾರೇಜಿನ ಪಾಲಾಗುತ್ತದೆ. ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲದಲ್ಲೇ ದಲ್ಲಾಳಿಗಳ ಓಡಾಟವೂ ಹೆಚ್ಚುವುದರಿಂದ, ಸದಸ್ಯರ ಉಪಯೋಗಕ್ಕಾಗಿ ಪರೀಕ್ಷೆಯ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಮೊದಲು ಕಾಗದ, ಆಮೇಲೆ ಕಬ್ಬಿಣ, ಆಮೇಲೆ ಎಂಜಿನ್, ಕೊನೆಗೆ ರಸ್ತೆ. ಈ ಕ್ರಮವನ್ನು ತಪ್ಪಿಸಬಾರದು. ಕಾಗದ ಸರಿಯಿಲ್ಲದ ಗಾಡಿಯ ಎಂಜಿನ್ ಎಷ್ಟು ಚೆನ್ನಾಗಿದ್ದರೂ ನಮಗೆ ಪ್ರಯೋಜನವಿಲ್ಲ.

1. ಕಾಗದ ಪತ್ರ

ಸಂಘಕ್ಕೆ ಬರುವ ಸಾಲದ ಅರ್ಜಿಗಳಲ್ಲಿ ನಾವು ಆಗಾಗ ಕಾಣುವ ಸಂಗತಿಯೊಂದಿದೆ. ಗಾಡಿ ಸದಸ್ಯರ ಅಂಗಳದಲ್ಲಿರುತ್ತದೆ, ಹಣ ಪೂರ್ತಿ ಸಂದಿರುತ್ತದೆ. ಆರ್.ಸಿ. ಮಾತ್ರ ಇನ್ನೂ ಮೂರನೆಯವರ ಹೆಸರಿನಲ್ಲಿರುತ್ತದೆ. ಮಾರಿದಾತನೂ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮಾರಿರುತ್ತಾನೆ. ಕೆಲವೊಮ್ಮೆ ಆರ್.ಸಿ.ಯಲ್ಲಿರುವ ಹೆಸರಿನವರು ತೀರಿಹೋಗಿರುತ್ತಾರೆ. ಅಂತಹ ಗಾಡಿಯನ್ನು ಮೊದಲು ವಾರಸುದಾರರು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆ ಬಳಿಕವೇ ಮಾರಬೇಕು. ಅಣ್ಣ ತಮ್ಮಂದಿರಲ್ಲಿ ಒಬ್ಬರು ಒಪ್ಪದಿದ್ದರೂ ಕೊಂಡವನ ಹಣ ಸಿಕ್ಕಿಬೀಳುತ್ತದೆ.

ಆದುದರಿಂದ ಮೊದಲ ಪ್ರಶ್ನೆ: ಮಾರುತ್ತಿರುವವರ ಹೆಸರೂ ಆರ್.ಸಿ.ಯಲ್ಲಿರುವ ಹೆಸರೂ ಒಂದೆಯೇ? ಅವರ ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ನಂತರ ಕೇಂದ್ರ ಸರಕಾರದ ‘ಪರಿವಾಹನ್’ ತಾಣದಲ್ಲಿ ಗಾಡಿಯ ನಂಬರು ಹಾಕಿದರೆ ನೋಂದಣಿಯ ತಾರೀಖು, ವಿಮೆ ಯಾವಾಗಿನವರೆಗೆ, ಎಫ್.ಸಿ. ಯಾವಾಗಿನವರೆಗೆ, ಸಾಲದ ಹೊರೆ ಇದೆಯೇ ಎಂಬುದೆಲ್ಲ ತಿಳಿಯುತ್ತದೆ. ದಂಡ ಬಾಕಿ ಇದೆಯೇ ಎಂಬುದನ್ನೂ ಅಲ್ಲೇ ನೋಡಬಹುದು. ನಮಗೆ ಬಾರದಿದ್ದರೆ ಮನೆಯ ಮಕ್ಕಳು ಐದು ನಿಮಿಷದಲ್ಲಿ ಮೊಬೈಲಿನಲ್ಲಿ ತೆಗೆದು ಕೊಡುತ್ತಾರೆ.

ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ, “ಸಾಲ ತೀರಿದೆ” ಎಂಬ ಬಾಯಿ ಮಾತು ಸಾಲದು. ಸಾಲ ಕೊಟ್ಟವರ ಪತ್ರವೂ ಅವರು ಸಹಿ ಮಾಡಿದ ನಮೂನೆ 35ೂ ಇರಬೇಕು. ಎಚ್.ಪಿ. ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡುವುದು ಕ್ಷೇಮ. ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್.ಟಿ.ಓ. ಕೊಟ್ಟ ಎನ್.ಓ.ಸಿ., ಅಂದರೆ ನಮೂನೆ 28 ಬೇಕು. ಜೊತೆಗೆ ನಮ್ಮ ರಾಜ್ಯದ ತೆರಿಗೆ ಎಷ್ಟಾಗುವುದೆಂದು ಮೊದಲೇ ಕೇಳಿ ತಿಳಿಯಬೇಕು. ಗಡಿಯಾಚೆ ಅಗ್ಗಕ್ಕೆ ಸಿಕ್ಕ ಗಾಡಿ, ತೆರಿಗೆ ಕಟ್ಟಿದ ಮೇಲೆ ಊರಿನ ಗಾಡಿಗಿಂತ ದುಬಾರಿಯಾಗಿರುವುದು ಅಪರೂಪವಲ್ಲ.

ಗಾಡಿಯ ವಯಸ್ಸೂ ಒಂದು ಲೆಕ್ಕ. ಸ್ವಂತ ಬಳಕೆಯ ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು ನವೀಕರಿಸಬೇಕು, ಅನಂತರ ಐದೈದು ವರ್ಷಕ್ಕೊಮ್ಮೆ. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5000 ರೂಪಾಯಿಯಾಯಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿತು. ಹಳದಿ ಬೋರ್ಡಿನ ಪಿಕಪ್ಪಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸತಕ್ಕದ್ದು. ಈ ಖರ್ಚು ಬೆಲೆಯ ಮಾತಿನಲ್ಲಿ ಸೇರಬೇಕು.

ಕಾಗದದಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ನಾವೇ ಕಣ್ಣಾರೆ ಓದಬೇಕು. ಅಂಕಿಗಳ ಸುತ್ತ ಉಜ್ಜಿದ ಗುರುತು, ಬೆಸುಗೆ, ಒಂದು ಅಂಕಿ ಮೇಲೆ ಒಂದು ಕೆಳಗೆ ಇರುವುದು, ಇಂತಹದ್ದು ಕಂಡರೆ ಅಲ್ಲಿಗೇ ಕೈ ಮುಗಿದು ಬರುವುದು ಲೇಸು. ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಾಯಿಸಿರುವುದು ಸಾಮಾನ್ಯ. ಬದಲಾಯಿಸಿದ್ದು ಆರ್.ಸಿ.ಯಲ್ಲಿ ದಾಖಲಾಗಿರಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅಗಲ ಟೈರು, ಎತ್ತರಿಸಿದ ಬಾಡಿ, ಕತ್ತರಿಸಿದ ಚಾಸಿ ಇವುಗಳ ಚೆಂದಕ್ಕೆ ಮಾರುಹೋದರೆ ಎಫ್.ಸಿ. ದಿನ ಬವಣೆಪಡಬೇಕಾಗುತ್ತದೆ.

2. ಕಬ್ಬಿಣ

ನಮ್ಮ ಸೀಮೆಯಲ್ಲಿ ಗಾಡಿಯನ್ನು ಕೊಲ್ಲುವುದು ಓಡಾಟಕ್ಕಿಂತ ಹೆಚ್ಚಾಗಿ ತುಕ್ಕು. ನಾಲ್ಕು ತಿಂಗಳ ಮಳೆ, ಕೆಸರು ಒಂದು ಕಡೆ. ಇನ್ನೊಂದು ಕಡೆ ನಾವು ಹೊರುವ ಸಾಮಾನು. ಪೊಟ್ಯಾಷ್ ಗೊಬ್ಬರ ಎಂದರೆ ಉಪ್ಪಿನ ಜಾತಿಯದು, ಚೀಲದಿಂದ ಉದುರಿ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬೋರ್ಡೋ ಮಿಶ್ರಣಕ್ಕೆಂದು ಕರಗಿಸಿದ ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಏನಾಗುವುದೆಂದು ಔಷಧಿ ಹೊಡೆಸುವ ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಗೊತ್ತು. ಆ ಕಾರಣದಿಂದಲೇ ನಾವು ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುತ್ತೇವೆ. ಆದುದರಿಂದ “ಗಾಡಿಯಲ್ಲಿ ಏನು ಹೊರುತ್ತಿದ್ದಿರಿ?” ಎಂದು ಕೇಳುವುದು “ಎಷ್ಟು ಕಿಲೋಮೀಟರ್ ಓಡಿದೆ?” ಎಂದು ಕೇಳುವುದಕ್ಕಿಂತ ಮುಖ್ಯ. ಕರಾವಳಿಯಲ್ಲಿ ಇದ್ದ ಗಾಡಿಯಾದರೆ ಉಪ್ಪುಗಾಳಿಯ ಪ್ರಭಾವವನ್ನೂ ನೋಡಬೇಕು.

ಗಾಡಿಯನ್ನು ಹಗಲು ಬೆಳಕಿನಲ್ಲಿ, ಮೈ ಒಣಗಿರುವಾಗ ನೋಡಬೇಕು. ನೀರು ಹನಿಯುತ್ತಿರುವ ಗಾಡಿಯ ಬಣ್ಣ ಎಲ್ಲ ಕಡೆಯೂ ಒಂದೇ ಆಗಿ ಕಾಣುತ್ತದೆ. ಮ್ಯಾಟ್ ಎತ್ತಿ ತಳದ ತಗಡು, ಬಾಗಿಲಿನ ಕೆಳಅಂಚು, ಬ್ಯಾಟರಿಯ ಕೆಳಗಿನ ತಟ್ಟೆ, ಹಿಂಬದಿಯ ಮೂಲೆಗಳನ್ನು ನೋಡಬೇಕು. ಅನಂತರ ಒಂದು ಗೋಣಿ ಹಾಸಿ ಗಾಡಿಯ ಕೆಳಗೆ ಮಲಗಬೇಕು. ಪಂಚೆ ಕೊಳೆಯಾಗುತ್ತದೆಂದು ಹಿಂಜರಿದವರು ಲಕ್ಷ ರೂಪಾಯಿ ಕಳೆದುಕೊಂಡಾರು. ಚಾಸಿಯ ಎರಡು ಉದ್ದನೆಯ ತೊಲೆಗಳು, ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದ ಕೊಂಡಿಗಳು, ಬಾಡಿ ಕೂರುವ ಜಾಗಗಳು ಇವುಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಖಣಿ ಎನ್ನುತ್ತದೆ, ಹಾಳಾದ ಕಬ್ಬಿಣ ಮಂಕಾಗಿ ಸದ್ದು ಮಾಡಿ ಹೊಪ್ಪಳೆ ಉದುರಿಸುತ್ತದೆ. ಹಳೆಯ ಗಾಡಿಯ ಅಡಿಗೆ ಮೊನ್ನೆ ತಾನೇ ಬಳಿದ ಕಪ್ಪು ಬಣ್ಣ ಕಂಡರೆ, ಅದು ಏನನ್ನು ಮುಚ್ಚಿದೆ ಎಂದು ವಿಚಾರಿಸಬೇಕು. ಮೇಲಿನ ತಗಡಿನ ತುಕ್ಕನ್ನು ಟಿಂಕರಿಂಗ್ ಮಾಡಿಸಿ ಸರಿಪಡಿಸಬಹುದು. ಚಾಸಿ ತಿಂದುಹೋಗಿದ್ದರೆ ಆ ಗಾಡಿ ಬೇಡ.

ಅಪಘಾತವಾದ ಗಾಡಿಯೂ ಗುರುತು ಬಿಟ್ಟಿರುತ್ತದೆ. ಬಾಗಿಲು, ಬಾನೆಟ್ಟುಗಳ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿದ್ದರೆ, ಬೋಲ್ಟಿನ ತಲೆಯ ಬಣ್ಣ ಎದ್ದಿದ್ದರೆ ಅಲ್ಲಿ ಸ್ಪ್ಯಾನರು ಓಡಾಡಿದೆ ಎಂದರ್ಥ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಕಬ್ಬಿಣದ ಬಾಡಿಯ ಮೇಲೆ ಆಡಿಸಿದರೆ, ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ 2018ರ ಆಗಸ್ಟಿನಲ್ಲಿ ಕೊಡಗು ಮತ್ತು ಕೇರಳದಲ್ಲೂ ನೆರೆ ಬಂದದ್ದು ಎಲ್ಲರಿಗೂ ನೆನಪಿದೆ. ನೀರು ನುಗ್ಗಿದ ಗಾಡಿಯನ್ನು ತೊಳೆದು ದೂರದ ಊರಿಗೆ ಕೊಂಡೊಯ್ದು ಮಾರುವುದು ಹೊಸತಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಒಳಸುತ್ತಿನಲ್ಲಿ ಕೆಸರಿನ ಗೆರೆ ಸಿಗುತ್ತದೆ. ಸೀಟಿನ ಕೆಳಗಿನ ಸ್ಕ್ರೂಗಳ ತುಕ್ಕು, ದೀಪದೊಳಗಿನ ಮಣ್ಣು, ಗಾಜು ಮುಚ್ಚಿಟ್ಟು ತೆರೆದಾಗ ಬರುವ ಬೂಷ್ಟು ವಾಸನೆ ಇವೂ ಸಾಕ್ಷಿಗಳೇ.

3. ಎಂಜಿನ್

ಎಂಜಿನನ್ನು ತಣ್ಣಗಿರುವಾಗಲೇ ನೋಡಬೇಕು. “ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಎಂದು ಹಿಂದಿನ ದಿನವೇ ತಿಳಿಸಿ, ಬೆಳಿಗ್ಗೆ ಹೋದ ತಕ್ಷಣ ಬಾನೆಟ್ಟಿನ ಮೇಲೆ ಕೈಯಿಡಬೇಕು. ಬಿಸಿಯಾಗಿದ್ದರೆ ಏನನ್ನೋ ಮರೆಮಾಡಲು ಮೊದಲೇ ಓಡಿಸಿದ್ದಾರೆಂದು ಅನುಮಾನಿಸಬೇಕು.

ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆರೆದು ನೀರಿನ ಮೇಲೆ ಎಣ್ಣೆಯ ಪಸೆ ಇದೆಯೇ ನೋಡಬೇಕು. ಬಿಸಿಯಾದ ಮೇಲೆ ಇದನ್ನು ಎಂದಿಗೂ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು ನೋಡಬೇಕು. ಡೀಸೆಲ್ ಎಂಜಿನಿನ ಆಯಿಲ್ ಬೇಗ ಕಪ್ಪಾಗುತ್ತದೆ, ಅದು ದೋಷವಲ್ಲ. ಆದರೆ ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ನೀರು ಆಯಿಲಿಗೆ ಸೇರುತ್ತಿದೆ ಎಂದರ್ಥ, ರಿಪೇರಿ ದೊಡ್ಡದು.

ಸ್ಟಾರ್ಟ್ ಮಾಡಿದಾಗ ಒಬ್ಬರು ಹೊಗೆಕೊಳವೆಯ ಹಿಂದೆ ನಿಲ್ಲಬೇಕು. ಚಳಿಯ ಬೆಳಗಿನಲ್ಲಿ ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಸೇರುತ್ತಿರಬಹುದು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವ ಗುರುತು. ಒಂದೇ ಸಮನೆ ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದಾಗಿದೆ. ಕಪ್ಪು ಹೊಗೆಗೆ ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೆ ಸಾಕು. ನೀಲಿ ಹೊಗೆ ಅಷ್ಟು ಅಗ್ಗದಲ್ಲಿ ಬಿಡುವುದಿಲ್ಲ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರೆ ಅಲ್ಲಿಂದ ರಭಸವಾಗಿ ಹೊಗೆ ನುಗ್ಗುತ್ತಿದ್ದರೆ ಒಳಗಿನ ರಿಂಗುಗಳು ಸವೆದಿವೆ.

2020ರ ಏಪ್ರಿಲಿನಿಂದೀಚೆಗೆ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳ ವಿಷಯದಲ್ಲಿ ಇನ್ನೊಂದು ಮಾತು. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವೊಂದಿದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ತೋಟದೊಳಗೆ ಒಂದೆರಡು ಮೈಲಿ ನಿಧಾನವಾಗಿ ಓಡುತ್ತಿದ್ದರೆ ಮಸಿ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಉರಿಯುತ್ತದೆ. ಆದುದರಿಂದ ಕೀಲಿ ತಿರುಗಿಸಿದಾಗ ಮುಂದಿನ ಫಲಕದ ದೀಪಗಳೆಲ್ಲ ಒಮ್ಮೆ ಹತ್ತುತ್ತವೆಯೇ, ಎಂಜಿನ್ ಓಡತೊಡಗಿದ ಮೇಲೆ ಆರುತ್ತವೆಯೇ ಎಂದು ನೋಡಬೇಕು. ಹತ್ತದೇ ಇರುವ ದೀಪವೂ ಸಂಶಯಕ್ಕೆ ಕಾರಣ. ಅದನ್ನು ಬೇಕೆಂದೇ ಕಿತ್ತಿರಬಹುದು.

4. ರಸ್ತೆ

ಪೇಟೆಯ ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಪರೀಕ್ಷೆ ಆಗಲಿಲ್ಲ. ನಾವು ಓಡಿಸುವುದು ಎಂತಹ ದಾರಿಯಲ್ಲಿ ಎಂಬುದೇ ಮುಖ್ಯ. ನಾಲ್ಕೈದು ಜನರನ್ನೋ ನಾಲ್ಕು ಮೂಟೆಯನ್ನೋ ಹಾಕಿಕೊಂಡು ಒಂದು ಏರು ಹತ್ತಿಸಬೇಕು. ಎಂಜಿನಿನ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಏರು ಹತ್ತಿದ ಮೇಲೆ ಬಿಸಿಯ ಮುಳ್ಳು ಎಲ್ಲಿದೆ ನೋಡಬೇಕು. ಇಳಿಜಾರಿನಲ್ಲಿ ಕಾಲು ತೆಗೆದಾಗ ಗೇರು ತಾನೇ ನ್ಯೂಟ್ರಲಿಗೆ ಹಾರಬಾರದು. ಘಾಟಿ ಇಳಿಯುವಾಗ ಇದಕ್ಕಿಂತ ಅಪಾಯ ಬೇರಿಲ್ಲ.

ಬ್ರೇಕಿಗೆ ಎರಡು ಪರೀಕ್ಷೆ. ನಿಂತಲ್ಲೇ, ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ಮೆಲ್ಲಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಮಟ್ಟಸವಾದ ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು. ಕೈಬ್ರೇಕು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಬೇಕು.

ನಾಲ್ಕು ಚಕ್ರದ ಎಳೆತವಿರುವ ಗಾಡಿಯಾದರೆ ಅದನ್ನು ಹಾಕಿ ನೋಡದೆ ಬರಬಾರದು. ಎಷ್ಟೋ ಜೀಪುಗಳಲ್ಲಿ ಆ ಲಿವರು ಅಲಂಕಾರಕ್ಕಷ್ಟೇ ಇರುತ್ತದೆ. ಆದರೆ ಇದನ್ನು ಕೆಸರಿನಲ್ಲೋ ಸಡಿಲ ಮಣ್ಣಿನಲ್ಲೋ ಪರೀಕ್ಷಿಸಬೇಕು. ಗಟ್ಟಿ ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ಗೇರುಗಳಿಗೆ ಪೆಟ್ಟು. ಜಾಕ್ ಕೊಟ್ಟು ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್, ಬೇರಿಂಗುಗಳ ಸವೆತ ತಿಳಿಯುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗಾಡಿ 40 ಸಾವಿರ ಕಿಲೋಮೀಟರ್ ಓಡಿದೆ ಎಂದು ಮೀಟರು ಹೇಳುವಾಗ ಪೆಡಲಿನ ರಬ್ಬರು ಪೂರ್ತಿ ಸವೆದು, ಸ್ಟೇರಿಂಗು ನುಣುಪಾಗಿದ್ದರೆ, ಮೀಟರಿಗಿಂತ ಪೆಡಲನ್ನೇ ನಂಬಬೇಕು.

5. ಬೆಲೆ ಮತ್ತು ಹೆಸರು ಬದಲಾವಣೆ

ಇಷ್ಟಾದ ಮೇಲೂ ನಮಗೆ ಪರಿಚಿತನಾದ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ದು, ಅವನ ಒಂದು ದಿನದ ಕೂಲಿ ಕೊಟ್ಟು ನೋಡಿಸಬೇಕು. ಮಾರುವವರೇ ತೋರಿಸಿದ ಮೆಕ್ಯಾನಿಕ್ ಬೇಡ. ತಕ್ಷಣ ಆಗಬೇಕಾದ ಕೆಲಸಗಳ ಪಟ್ಟಿಯನ್ನು ಅವನಿಂದ ಬರೆಸಿಕೊಳ್ಳಬೇಕು. ಉದಾಹರಣೆಗೆ, 3 ಲಕ್ಷ ಹೇಳಿದ ಜೀಪಿಗೆ ಟೈರು, ಬ್ಯಾಟರಿ, ಕ್ಲಚ್ ಸೇರಿ 60 ಸಾವಿರದ ಕೆಲಸವಿದ್ದರೆ, ಅದರ ನಿಜವಾದ ಬೆಲೆ ನಮ್ಮ ಪಾಲಿಗೆ 3 ಲಕ್ಷದ 60 ಸಾವಿರ. ಆ ಪಟ್ಟಿಯನ್ನು ಮುಂದಿಟ್ಟು ಮಾತಾಡಿದರೆ ಚೌಕಾಶಿಗೆ ಬಲ ಬರುತ್ತದೆ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಗಾಡಿ ಕೈಸೇರಿದ ತಾರೀಖು ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಬೇಕು. ನಮೂನೆ 29 ಮತ್ತು 30ನ್ನು ಪೂರ್ತಿ ತುಂಬಿಸಿಯೇ ಸಹಿ ಹಾಕಬೇಕು, ಖಾಲಿ ನಮೂನೆಗೆ ಸಹಿ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ. ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ‘ನೋ ಕ್ಲೇಮ್ ಬೋನಸ್’ ನಮಗೆ ಬರುವುದಿಲ್ಲ. ವ್ಯಾಪಾರಿಗಳಿಂದ ಕೊಳ್ಳುವುದಾದರೆ, ಹಳೆಯ ವಾಹನಗಳ ವ್ಯಾಪಾರಕ್ಕೆ ಅಧಿಕೃತ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಆ ಪತ್ರವನ್ನು ಕೇಳಿ ನೋಡಬೇಕು.

ಈ ಮಾತು ಕೊಳ್ಳುವವರಿಗಿಂತ ಮಾರುವವರಿಗೆ ಇನ್ನೂ ಮುಖ್ಯ. ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದ ಮೊಕದ್ದಮೆಯಲ್ಲಿ, ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಆತ ಗಾಡಿಯನ್ನು ಎಂದೋ ಮಾರಿದ್ದ ಎಂಬುದು ಅವನನ್ನು ಉಳಿಸಲಿಲ್ಲ. ನಮ್ಮ ಹಳೆಯ ಜೀಪನ್ನು ಪಕ್ಕದೂರಿನವರಿಗೆ ಕೊಟ್ಟು, “ಹೆಸರು ಆಮೇಲೆ ಮಾಡಿಸಿಕೊಳ್ಳಲಿ” ಎಂದು ಸುಮ್ಮನಿದ್ದರೆ, ಎಲ್ಲೋ ನಡೆದ ಅಪಘಾತಕ್ಕೆ ನಮ್ಮ ತೋಟ ಜವಾಬು ಹೇಳಬೇಕಾದೀತು.

ಕೊನೆಯದಾಗಿ ಒಂದು ಮಾತು. “ಇವತ್ತೇ ಕೊಡದಿದ್ದರೆ ಸಂಜೆಗೆ ಬೇರೆಯವರು ಒಯ್ಯುತ್ತಾರೆ” ಎಂದು ಹೇಳದ ದಲ್ಲಾಳಿಯಿಲ್ಲ. ಒಯ್ಯಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಹಿರಿಯರ ಮಾತು. ಗಾಡಿಗಳು ಇನ್ನೂ ಬರುತ್ತವೆ, ಒಂದು ವರ್ಷದ ಬೆಳೆಯ ಹಣ ಮಾತ್ರ ಎರಡು ಸಲ ಬರುವುದಿಲ್ಲ. ಸದಸ್ಯರು ಮುಂಗಡ ಕೊಡುವ ಮೊದಲು ಆರ್.ಸಿ.ಯ ಪ್ರತಿಯೊಂದನ್ನು ಸಂಘದ ಕಚೇರಿಗೆ ತಂದರೆ, ಕಾಗದದ ಮಟ್ಟಿಗಾದರೂ ನಾವು ಕೂತು ನೋಡಿಕೊಡುತ್ತೇವೆ. ಮುಂಗಡ ಕೊಟ್ಟ ಮೇಲೆ ತಂದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.